ಗಂಧಕ್ಕೆ ಮೊಹರು, ತೊಗಲಿಗೆ ಸಾಲ
(ವ್ಯಾಪಾರವನ್ನೂ ಸರ್ಕಾರದ ನೀತಿಯನ್ನೂ ದಲಿತ ವಿಮರ್ಶೆ ಓದಬೇಕಾದ ಬಗೆ)

1

ಕಳೆದ ವರ್ಷ ಪದವಿ ತರಗತಿಗೆ ದೇವನೂರ ಮಹಾದೇವ ಅವರ 'ಒಡಲಾಳ' ಪಾಠ ಮಾಡುತ್ತಿದ್ದೆ. ಸಾಹುಕಾರನ ಕಳ್ಳೇಕಾಯಿ ಮೂಟೆಯನ್ನು ಸಾಕವ್ವನ ಮನೆಯವರು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವುದು, ಆಮೇಲೆ ಪೊಲೀಸರು ಬಂದು ಮನೆಯನ್ನು ಜಾಲಾಡುವುದು, ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲು, ಇಷ್ಟನ್ನೂ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಕಲಿತ ಹಾಗೇ ಹೇಳಿದೆ. ಹಸಿವು, ಹಸಿವಿನೊಳಗಿನ ಸಂಭ್ರಮ, ಸಂಭ್ರಮದೊಳಗಿನ ಕಲೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ಸಾಕವ್ವನ ಹುಂಜ ಕಳೆದೋದಾಗ ಯಾವ ಪೊಲೀಸೂ ಬರ್ಲಿಲ್ಲ. ಸಾಹುಕಾರನ ಕಳ್ಳೇಕಾಯಿ ಹೋದ್ರೆ ಮಾತ್ರ ಓಡ್ಬಂದ್ರು. ಯಾಕೆ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. 'ಅದೇ ವ್ಯವಸ್ಥೆ ಕಣಮ್ಮ' ಅಂತ ಏನೋ ಹೇಳಿ ಗಂಟೆ ಹೊಡೆಯುವವರೆಗೆ ದೂಡಿದೆ. ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಮನೆಗೆ ಬಂತು. 'ವ್ಯವಸ್ಥೆ' ಎಂಬುದು ನಮಗೆ ಉತ್ತರ ಗೊತ್ತಿಲ್ಲದ ಕಡೆಯಲ್ಲೆಲ್ಲ ನಾವು ಹಾಕುವ ತೇಪೆ. ಆ ಹುಡುಗಿ ತೋರಿಸಿದ್ದು ತೀರಾ ಖಚಿತವಾದ ಸಂಗತಿ. ಆ ಕಥೆಯಲ್ಲಿ ಸರಕು ಇಟ್ಟುಕೊಂಡ ಒಂದು ಮನೆಯಿದೆ, ಆ ಸರಕನ್ನು ಕಾಯುವ ಒಂದು ಠಾಣೆಯಿದೆ, ಸರಕೇ ಇಲ್ಲದ ಒಂದು ಮನೆಯಿದೆ. ಮೊದಲ ಎರಡರ ನಡುವೆ ದಾರಿ ಸವೆದಿದೆ. ಮೂರನೆಯ ಮನೆಗೆ ಆ ದಾರಿ ಬರುವುದು ಜಪ್ತಿಗೆ ಮಾತ್ರ. ವ್ಯಾಪಾರಕ್ಕೂ ಸರ್ಕಾರಕ್ಕೂ ಇರುವ ಸಂಬಂಧವನ್ನು ಕನ್ನಡದಲ್ಲಿ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ತೋರಿಸಿದ ಇನ್ನೊಂದು ಬರಹ ನನಗೆ ನೆನಪಾಗುತ್ತಿಲ್ಲ. ಆದರೂ ನಾವು ಹಸಿವಿನ ಬಗ್ಗೆ ಬರೆದೆವು, ನವಿಲಿನ ಬಗ್ಗೆ ಬರೆದೆವು, ಆ ದಾರಿಯ ಬಗ್ಗೆ ಬರೆಯಲಿಲ್ಲ.

ಕನ್ನಡದ ದಲಿತ ವಿಮರ್ಶೆ ಬಾವಿ, ಗುಡಿ, ಹೋಟೆಲು, ಶಾಲೆ, ಹೊಲ ಇವುಗಳ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದೆ. ಅಂಗಡಿ, ಬ್ಯಾಂಕು, ಟೆಂಡರು ಇವುಗಳ ಮುಂದೆ ನಿಂತು ಕೇಳಿದ್ದು ಕಡಿಮೆ. ನಮ್ಮ ಬರಹಗಳಲ್ಲಿ ವ್ಯಾಪಾರವೆಂದರೆ ಒಂದೋ ಸಾಹುಕಾರನ ಮೋಸ, ಇಲ್ಲವೇ ಬಹುರಾಷ್ಟ್ರೀಯ ಕಂಪನಿಯ ಪಿತೂರಿ. ಸರ್ಕಾರವೆಂದರೆ ಒಂದೋ ಪೊಲೀಸು, ಇಲ್ಲವೇ ಹಾಸ್ಟೆಲು. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ಗಲಾಟೆಯೆದ್ದು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಆ ಮಾತಿನ ಕಿಡಿಯಿಂದ ಒಂದು ಚಳವಳಿ ಹೊತ್ತಿಕೊಂಡಿತು, ಸಾಹಿತ್ಯದಲ್ಲಿ ಕಾಳು ಯಾವುದು ಬೂಸಾ ಯಾವುದು ಅಂತ ಕೇರುವುದನ್ನು ನಾವು ಕಲಿತೆವು. ಸರ್ಕಾರದ ಕಾಯ್ದೆ, ಆದೇಶ, ಯೋಜನೆಗಳನ್ನು ಅದೇ ಮೊರದಲ್ಲಿ ಹಾಕಿ ಕೇರಲಿಲ್ಲ. ಈ ವಿಶೇಷ ಸಂಚಿಕೆಯಲ್ಲಿ ನನಗೆ ಹೇಳಬೇಕಾಗಿರುವುದು ಇಷ್ಟೇ: ನಮ್ಮ ಬದುಕನ್ನು ನಿರ್ಧರಿಸುವ ಗದ್ಯ ಈಗ ಅಲ್ಲಿ ಬರೆಯಲ್ಪಡುತ್ತಿದೆ. ಕವಿತೆಯನ್ನು ಓದಿದಷ್ಟೇ ಎಚ್ಚರದಿಂದ ಅದನ್ನು ಓದಬೇಕು.

2

ಸರ್ಕಾರ ಬೇರೆ, ವ್ಯಾಪಾರ ಬೇರೆ ಅಂತ ಮೈಸೂರಿನವರಿಗೆ ಹೇಳಿಕೊಡುವುದೇ ಕಷ್ಟ. ಇಲ್ಲಿ ಸರ್ಕಾರವೇ ದೊಡ್ಡ ವ್ಯಾಪಾರಿಯಾಗಿತ್ತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ, 1912ರಲ್ಲಿ ರೇಷ್ಮೆ ನೇಯುವ ಕಾರ್ಖಾನೆ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಾಣಿಜ್ಯ ಮಂಡಳಿ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಶಾಲೆಯಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡದೆ ಪರೀಕ್ಷೆ ಬರೆದವರು ನಮ್ಮಲ್ಲಿಲ್ಲ.

ಇವುಗಳಲ್ಲಿ ಗಂಧದ ಕಥೆ ಹೆಚ್ಚು ಸ್ವಾರಸ್ಯಕರ. ಟಿಪ್ಪುವಿನ ಕಾಲದಿಂದಲೂ ಗಂಧ ರಾಜವೃಕ್ಷ. ಮೊದಲನೇ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲೇ ನಿಂತುಹೋಯಿತು. ಸರ್ಕಾರ ಕೈಕಟ್ಟಿ ಕೂರಲಿಲ್ಲ. ಎಣ್ಣೆಯನ್ನು ನಾವೇ ತೆಗೆಯೋಣ ಅಂತ ಹೊರಟಿತು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಎದ್ದವು. ಆ ಎಣ್ಣೆಯಿಂದ ಸಾಬೂನು ಬಂತು, ಸಾಬೂನಿನ ಮೇಲೆ ಶರಭದ ಗುರುತು ಬಂತು. ಮರ ಸರ್ಕಾರದ್ದು, ಕಾರ್ಖಾನೆ ಸರ್ಕಾರದ್ದು, ಹೆಸರೂ ಸಂಸ್ಥಾನದ್ದು. ರೈತನ ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರ ಕೂಡ ಅವನದ್ದಾಗಿರಲಿಲ್ಲ. ಅದು ಬದಲಾಗಲು 2001ರ ಅರಣ್ಯ ಕಾಯ್ದೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ವ್ಯಾಪಾರಕ್ಕೆ ಸರ್ಕಾರ ಅಡ್ಡಿ ಎಂದು ಈಗ ಹೇಳುವವರು ಈ ಚರಿತ್ರೆಯನ್ನು ಒಮ್ಮೆ ನೋಡಬೇಕು. ಸರ್ಕಾರ ಮನಸ್ಸು ಮಾಡಿದರೆ ಕಾಡಿನ ಮರವೊಂದು ಲೋಕದ ಅಂಗಡಿಗಳಿಗೆ ಹೋಗಿ ಕೂರುತ್ತದೆ.

ಈ ಕೆಲಸಗಳ ಹಿಂದಿನ ದೊಡ್ಡ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಅವರ ದುಡಿಮೆಯನ್ನು, ಕೈ ಶುದ್ಧವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಪಠ್ಯಪುಸ್ತಕಗಳು ಎರಡು ಪಾಠಗಳನ್ನು ಬೇರೆ ಬೇರೆ ಇಟ್ಟಿವೆ. ಕಾರ್ಖಾನೆಗಳ ಪಾಠ ಒಂದು ಕಡೆ. ಮಿಲ್ಲರ್ ಸಮಿತಿಯ ಪಾಠ, ಇದ್ದರೆ, ಇನ್ನೊಂದು ಕಡೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುವ ಬಗೆಯನ್ನು ಕೇಳಿದರು. ಇದು ದಿವಾನರಿಗೆ ಒಪ್ಪಿಗೆಯಾಗಲಿಲ್ಲ. ಆಡಳಿತದ ದಕ್ಷತೆ ಕುಂದುತ್ತದೆ ಎಂಬುದು ಅವರ ವಾದ. ಆ ವರ್ಷದ ಕೊನೆಗೆ ಅವರು ಅಧಿಕಾರದಿಂದ ಹೊರಗೆ ಬಂದರು.

ಈ ಎರಡು ಪಾಠಗಳನ್ನು ಒಟ್ಟಿಗಿಟ್ಟು ಓದಿದರೆ ಏನು ಕಾಣುತ್ತದೆ? ಸರ್ಕಾರವೇ ದೊಡ್ಡ ವ್ಯಾಪಾರಿಯಾಗಿರುವ ನಾಡಿನಲ್ಲಿ ಸರ್ಕಾರಿ ಹುದ್ದೆ ಬರೀ ಸಂಬಳದ ವಿಷಯವಲ್ಲ. ಯಾವ ಕಾರ್ಖಾನೆಗೆ ಏನು ಬೇಕು, ಯಾವ ಗುತ್ತಿಗೆ ಯಾವಾಗ ಬರುತ್ತದೆ, ಬ್ಯಾಂಕಿನಲ್ಲಿ ಯಾರ ಮಾತು ನಡೆಯುತ್ತದೆ, ಅರ್ಜಿಯನ್ನು ಯಾವ ಮೇಜಿನ ಮೇಲೆ ಇಡಬೇಕು, ಇದೆಲ್ಲ ಕಡತದಲ್ಲಿದೆ. ಕಡತ ಬಲ್ಲವನ ತಮ್ಮ ಕಂಟ್ರಾಕ್ಟರಾಗುತ್ತಾನೆ, ಭಾವಮೈದ ಏಜೆನ್ಸಿ ತೆಗೆದುಕೊಳ್ಳುತ್ತಾನೆ. ಅಂದರೆ ಹುದ್ದೆಯೇ ಒಂದು ಬಂಡವಾಳ. ದಕ್ಷತೆಯ ಹೆಸರಿನಲ್ಲಿ ಹುದ್ದೆಯ ಬಾಗಿಲು ಮುಚ್ಚಿದಾಗ ವ್ಯಾಪಾರದ ಬಾಗಿಲೂ ಮುಚ್ಚಿಕೊಂಡಿತು, ಸದ್ದಾಗಲಿಲ್ಲ ಅಷ್ಟೆ. ಆ ದಿನಗಳಲ್ಲಿ ಬ್ರಾಹ್ಮಣೇತರ ಮೇಲ್ಜಾತಿಗಳಾದರೂ ಬಾಗಿಲು ತಟ್ಟುತ್ತಿದ್ದರು. ಇವತ್ತು ಅಶೋಕಪುರವಾಗಿರುವ ಆದಿಕರ್ನಾಟಕಪುರದ ಜನ ಆ ಬೀದಿಗೇ ಇನ್ನೂ ಬಂದಿರಲಿಲ್ಲ.

3

ಗಂಧದ ಪಕ್ಕದಲ್ಲಿ ಇನ್ನೊಂದು ಸರಕನ್ನು ಇಟ್ಟು ನೋಡೋಣ. ಅದು ತೊಗಲು. ಸತ್ತ ದನವನ್ನು ಹೊರುವುದು ಜಾತಿಯ ಕಟ್ಟುಪಾಡು. ಸುಲಿಯುವುದು, ಸುಣ್ಣದ ನೀರಿಗೆ ಹಾಕುವುದು, ತಂಗಡಿ ಚಕ್ಕೆಯಲ್ಲಿ ಹದ ಮಾಡುವುದು, ಇಷ್ಟೂ ಕಟ್ಟುಪಾಡೇ. ಹದವಾಗಿ ಒಣಗಿದ ತೊಗಲು ಮಾತ್ರ ವ್ಯಾಪಾರದ ಸರಕು. ಕಟ್ಟುಪಾಡು ಮುಗಿದು ಲಾಭ ಶುರುವಾಗುವ ಜಾಗದಲ್ಲಿ ಕೈ ಬದಲಾಗುತ್ತದೆ. ಗಂಧವನ್ನು ಕಂಡ ಹಾಗೆ ಈ ಕೈಕಸುಬನ್ನು ಯಾವ ಕಾಲದ ಸರ್ಕಾರವೂ ನಾಡಿನ ಹೆಮ್ಮೆ ಅಂತ ಕಾಣಲಿಲ್ಲ. ಗಂಧಕ್ಕೆ ಸಿಕ್ಕ ರಾಜಲಾಂಛನ ತೊಗಲಿಗೆ ಸಿಗಲಿಲ್ಲ.

ಸಿಕ್ಕಿದ್ದು 1976ರಲ್ಲಿ ಒಂದು ನಿಗಮ. ಇವತ್ತು ಬಾಬು ಜಗಜೀವನ ರಾಮ್ ಅವರ ಹೆಸರು ಹೊತ್ತಿರುವ, ಜನರ ಬಾಯಲ್ಲಿ ಲಿಡ್ಕರ್ ಆಗಿರುವ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ. ಅದರಿಂದ ಬದುಕು ಕಟ್ಟಿಕೊಂಡವರು ಇದ್ದಾರೆ, ಅದನ್ನು ಮರೆಮಾಚಬಾರದು. ಆದರೆ ನೀತಿಯನ್ನು ಓದುವವರು ಒಂದು ಇಲಾಖೆಯ ಕಾಗದವನ್ನು ಮಾತ್ರ ಓದಿದರೆ ಸಾಲದು. 2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಎಲ್ಲ ಜಾನುವಾರುಗಳ ವಧೆಯನ್ನು ನಿಲ್ಲಿಸಿತು. ಸಾಗಾಣಿಕೆಗೂ ಕಟ್ಟು ಹಾಕಿತು. ಒಂದು ಇಲಾಖೆ ತೊಗಲಿನ ಕೆಲಸಗಾರನಿಗೆ ತರಬೇತಿ ಕೊಡುತ್ತದೆ, ಹೊಲಿಗೆ ಯಂತ್ರ ಕೊಡುತ್ತದೆ. ಇನ್ನೊಂದು ಇಲಾಖೆ ತೊಗಲು ಬರುವ ದಾರಿಯನ್ನು ಕಿರಿದು ಮಾಡುತ್ತದೆ. ಮೊದಲನೆಯದನ್ನು ಕಲ್ಯಾಣ ಎನ್ನುತ್ತಾರೆ, ಎರಡನೆಯದನ್ನು ಸಂಸ್ಕೃತಿ ಎನ್ನುತ್ತಾರೆ. ಎರಡೂ ಒಬ್ಬನೇ ಮನುಷ್ಯನ ಅಂಗಡಿಯ ಮೇಲೆ ಬಂದು ಬೀಳುತ್ತವೆ ಎನ್ನುವುದು ಮಾತ್ರ ಯಾವ ಕಾಗದದಲ್ಲೂ ಇಲ್ಲ.

2023ರಲ್ಲಿ ನಟ ಧನಂಜಯ ಲಿಡ್ಕರ್‌ನ ರಾಯಭಾರಿಯಾದರು. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದಾಗ ನಾಡೆಲ್ಲ ಚರ್ಚೆಯಾಯಿತು. ನಮ್ಮ ಗಂಧಕ್ಕೆ ಕನ್ನಡದ ನಟಿ ಯಾಕಿಲ್ಲ ಎಂಬುದು ಆ ಚರ್ಚೆ. ತಪ್ಪಿಲ್ಲ, ಕೇಳಬೇಕಾದ್ದೇ. ಆದರೆ ತೊಗಲನ್ನು 'ನಮ್ಮ ತೊಗಲು' ಎಂದು ನಾಡು ಯಾವತ್ತಾದರೂ ಜಗಳಕ್ಕೆ ನಿಂತಿದೆಯೇ? ಒಂದು ಸರಕು ನಾಡಿನ ಗುರುತಾಗುವುದು, ಇನ್ನೊಂದು ಒಂದು ಜಾತಿಯ ಗುರುತಾಗಿಯೇ ಉಳಿಯುವುದು ಮಾರುಕಟ್ಟೆಯ ತೀರ್ಮಾನವಲ್ಲ. ನೂರು ವರ್ಷಗಳ ನೀತಿ ಅದನ್ನು ಹಾಗೆ ವಿಂಗಡಿಸಿ ಇಟ್ಟಿದೆ.

ಇದನ್ನು ಬರೆಯುತ್ತಿರುವ ನಾನು ತೊಗಲಿನ ಮನೆಯವಳಲ್ಲ ಎಂದೂ ಹೇಳಿಬಿಡಬೇಕು. ಮೈಸೂರು ಸೀಮೆಯ ದಲಿತ ಬರಹದಲ್ಲಿ ಬಲಗೈಯವರಾದ ನಮ್ಮ ದನಿಯೇ ಹೆಚ್ಚು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು, 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17ನ್ನು 6, 6, 5 ಎಂದು ಹಂಚಿತು. ಆಗ ನಮ್ಮವರಲ್ಲೇ ಎಷ್ಟೋ ಜನ 'ಒಗ್ಗಟ್ಟು ಒಡೆಯುತ್ತದೆ' ಅಂದರು. ಮಿಲ್ಲರ್ ಸಮಿತಿಯ ಕಾಲದ 'ದಕ್ಷತೆ'ಯ ಮಾತಿಗೂ ನಮ್ಮ ಈ 'ಒಗ್ಗಟ್ಟಿ'ನ ಮಾತಿಗೂ ಎಷ್ಟು ದೂರ? ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

4

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ನಂಜನಗೂಡು ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪ ಒಂದು ಪೆಟ್ಟಿಗೆ ಅಂಗಡಿ ಇಟ್ಟಿದ್ದರು. ಅದಕ್ಕೆ ಮೊದಲು ಕೂಲಿ. ಸರ್ಕಾರದ ಒಂದು ಯೋಜನೆಯಲ್ಲಿ ಸಾಲವೂ ಸಬ್ಸಿಡಿಯೂ ಬಂತು. ಅರ್ಜಿಯಲ್ಲಿ ಆರಿಸಿಕೊಳ್ಳಲು ಒಂದು ಪಟ್ಟಿಯಿತ್ತು: ಹೈನು ಹಸು, ಕುರಿ, ಹೊಲಿಗೆ ಯಂತ್ರ, ಪೆಟ್ಟಿಗೆ ಅಂಗಡಿ. ಆ ಪಟ್ಟಿಯನ್ನು ನಾನೀಗ ಒಂದು ಸಾಹಿತ್ಯ ಕೃತಿಯಂತೆ ಓದುತ್ತೇನೆ. ಬರೆದವನ ಕಲ್ಪನೆಯಲ್ಲಿ ದಲಿತನ ವ್ಯಾಪಾರ ಎಷ್ಟು ದೂರ ಹೋಗಬಹುದು ಎನ್ನುವುದು ಅದರಲ್ಲಿದೆ. ಊರಿನ ಎಲ್ಲೆ ದಾಟುವ ಒಂದು ಕಸುಬೂ ಅಲ್ಲಿರಲಿಲ್ಲ.

ಅಂಗಡಿ ಬಂದ ಹೊಸದರಲ್ಲಿ ಊರಿನ ಮೇಲಿನ ಬೀದಿಯವರೂ ಬಂದರು. ಬೀಡಿ, ಬೆಂಕಿಪೊಟ್ಟಣ, ಬಿಸ್ಕತ್ತು, ಶಾಂಪೂ ಚೀಟಿ ತೆಗೆದುಕೊಂಡರು. ಬೆಲ್ಲ, ಅವಲಕ್ಕಿ, ಕಡ್ಲೆಹಿಟ್ಟು ಅಪ್ಪನ ಕೈಯಿಂದ ತೂಗಿಸಿಕೊಳ್ಳಲಿಲ್ಲ. ಟೀ ಇಟ್ಟ ವಾರಕ್ಕೇ ಒಲೆ ಆರಿತು. ಅಪ್ಪ ಇದನ್ನು ನಗುತ್ತಲೇ ಹೇಳೋರು: "ಪಾಕೀಟು ಕಟ್ಟಿದ್ರ ಯಾರ ಕೈನದ್ದಾದ್ರೂ ತಕ್ಕತ್ತರ ಕನವ್ವ. ಬುಡಿ ಸಾಮಾನ್ಗ ಮಾತ್ರ ನಮ್ಮ ಕೈ ಕಾಣ್ತದ." ದೊಡ್ಡ ಕಂಪನಿಯ ಪಾಕೀಟು ಅಸ್ಪೃಶ್ಯತೆಯನ್ನು ಮುರಿಯಿತು ಅಂತ ಕೆಲವರು ಬರೆದಿದ್ದಾರೆ. ಅರ್ಧ ನಿಜ. ಪಾಕೀಟು ನಮ್ಮ ಕೈಯನ್ನು ಮುಚ್ಚಿಟ್ಟಿತು, ಅಷ್ಟಕ್ಕೇ ಅದು ಮುಟ್ಟಬಹುದಾದ ಸಾಮಾನಾಯಿತು. ಲಾಭ ಹೆಚ್ಚಿರುವುದು ಬಿಡಿ ಸಾಮಾನಿನಲ್ಲಿ, ಟೀಯಲ್ಲಿ, ಬೋಂಡದಲ್ಲಿ. ಪಾಕೀಟಿನಲ್ಲಿ ಸಿಗುವುದು ಕಂಪನಿ ಬಿಟ್ಟಷ್ಟು ಕಾಸು.

ಅಂಗಡಿ ಮುಚ್ಚಿದ್ದಕ್ಕೆ ಇನ್ನೊಂದು ಕಾರಣವಿತ್ತು, ಅದು ನನಗೆ ಅರ್ಥವಾದದ್ದು ತೀರಾ ಇತ್ತೀಚೆಗೆ. ವ್ಯಾಪಾರ ನಡೆಯುವುದು ಸಾಲದ ಹಣದಿಂದಲ್ಲ, ಉದ್ರಿಯಿಂದ. ಮಂಡಿಯವನು ಹದಿನೈದು ದಿನಕ್ಕೆ, ತಿಂಗಳಿಗೆ ಉದ್ರಿ ಕೊಟ್ಟರೆ ಅಂಗಡಿಯವನು ಮಾರಿ, ತಿರುಗಿಸಿ, ಉಳಿಸಿಕೊಳ್ಳುತ್ತಾನೆ. ಉದ್ರಿ ಸಿಗುವುದು ಗುರುತಿನ ಮೇಲೆ. ಗುರುತು ಎಂದರೆ ಮದುವೆಗೆ ಹೋಗಿಬರುವ ಸಂಬಂಧ, ಒಂದೇ ಮಠ, ಒಂದೇ ಪಂಕ್ತಿ. ಅಪ್ಪನಿಗೆ ಮಂಡಿಯಲ್ಲಿ ಯಾರೂ ಉದ್ರಿ ಕೊಡಲಿಲ್ಲ. ರೊಕ್ಕ ಕೊಟ್ಟು ಚಿಲ್ಲರೆ ದರಕ್ಕೇ ತಂದು, ಅದೇ ದರಕ್ಕೇ ಮಾರಿದರು. ಸರ್ಕಾರದ ಯೋಜನೆ ಅವರಿಗೆ ಪೆಟ್ಟಿಗೆ ಕೊಟ್ಟಿತು, ಒಂದಿಷ್ಟು ಹಣ ಕೊಟ್ಟಿತು. ನಂಬಿಕೆ ಎಂಬ ಸರಕನ್ನು ಯಾವ ಇಲಾಖೆಯೂ ಹಂಚುವುದಿಲ್ಲ. ಮೂರು ವರ್ಷದಲ್ಲಿ ಸಾಲ ಸುಸ್ತಿಯಾಯಿತು, ನೋಟೀಸು ಬಂತು. ಕಡತದಲ್ಲಿ ಬಹುಶಃ 'ಫಲಾನುಭವಿಗೆ ವ್ಯವಹಾರ ಜ್ಞಾನವಿಲ್ಲ' ಎಂದು ಬರೆದಿರುತ್ತಾರೆ.

ಈ 'ಫಲಾನುಭವಿ' ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಬೇರೆಯವರು ನೆಟ್ಟ ಮರದ ಹಣ್ಣನ್ನು ತಿನ್ನುವವನು ಎಂಬ ಧ್ವನಿ ಅದರಲ್ಲಿದೆ. ಅದೇ ಸರ್ಕಾರ ಬೆಂಗಳೂರಿನಲ್ಲಿ 2000ದಿಂದ ಈಚೆಗೆ ಜಾಗತಿಕ ಹೂಡಿಕೆದಾರರ ಸಮಾವೇಶಗಳನ್ನು ಮಾಡುತ್ತಾ ಬಂದಿದೆ. ಅಲ್ಲಿಗೆ ಬಂದವನು ಫಲಾನುಭವಿಯಲ್ಲ, 'ಹೂಡಿಕೆದಾರ'. ಅವನಿಗೆ ಕೊಡುವ ಭೂಮಿಯ ರಿಯಾಯಿತಿ, ಮುದ್ರಾಂಕ ಶುಲ್ಕದ ವಿನಾಯಿತಿ, ಕರೆಂಟಿನ ರಿಯಾಯಿತಿಗೆ 'ಪ್ರೋತ್ಸಾಹ' ಎಂದು ಹೆಸರು. ನಮಗೆ ಕೊಟ್ಟರೆ ಅದು 'ಸಬ್ಸಿಡಿ'. ಅವನು ಸಾಲ ಕಟ್ಟದಿದ್ದರೆ 'ಅನುತ್ಪಾದಕ ಆಸ್ತಿ', ನಾವು ಕಟ್ಟದಿದ್ದರೆ 'ಸುಸ್ತಿದಾರ'. ಬ್ಯಾಂಕಿನ ಆಸ್ತಿಗೆ ಕಾಯಿಲೆ ಬಂದಂತೆ ಮೊದಲನೆಯದು, ಮನುಷ್ಯನ ಗುಣಕ್ಕೇ ಕಾಯಿಲೆ ಬಂದಂತೆ ಎರಡನೆಯದು. 2002ರಲ್ಲಿ ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯ್ದೆ ಬಂದು ಹೂಡಿಕೆದಾರನಿಗೆ ಏಕಗವಾಕ್ಷಿ ಒದಗಿತು. ಎಲ್ಲ ಅನುಮತಿಯೂ ಒಂದೇ ಕಿಟಕಿಯಲ್ಲಿ. ನಮಗೂ ಕಿಟಕಿ ಹೊಸದೇನಲ್ಲ. ನಮ್ಮ ತಾತಂದಿರು ಹೋಟೆಲಿನ ಹಿಂದಿನ ಕಿಟಕಿಯಲ್ಲಿ ಟೀ ಹುಯ್ಯಿಸಿಕೊಂಡವರು.

5

1991ರ ಜುಲೈನಲ್ಲಿ ಹೊಸ ಕೈಗಾರಿಕಾ ನೀತಿ ಬಂದ ಮೇಲೆ ಸರ್ಕಾರ ವ್ಯಾಪಾರದಿಂದ ಹಿಂದೆ ಸರಿಯಿತು ಅಂತ ಎಲ್ಲರೂ ಹೇಳುತ್ತಾರೆ. ಎಡಪಂಥದ ಗೆಳೆಯರು ದುಃಖದಿಂದ ಹೇಳುತ್ತಾರೆ, ಬಲದವರು ಸಂತೋಷದಿಂದ ಹೇಳುತ್ತಾರೆ. ಮೈಸೂರಿನಲ್ಲಿ ನಿಂತು ನೋಡಿದರೆ ಈ ಮಾತೇ ಸರಿಯಲ್ಲ ಅನ್ನಿಸುತ್ತದೆ.

ಹೆಬ್ಬಾಳು, ಹೂಟಗಳ್ಳಿ, ಕೂರ್ಗಳ್ಳಿ ಇವೆಲ್ಲ ಒಂದು ಕಾಲಕ್ಕೆ ಹೊಲಗದ್ದೆಯ ಊರುಗಳು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕಾಯ್ದೆಯಡಿ ಭೂಮಿಯನ್ನು ಹಿಡಿದು, ರಸ್ತೆ ನೀರು ಕರೆಂಟು ಕೊಟ್ಟು, ನಿವೇಶನ ಮಾಡಿ ಖಾಸಗಿಯವರಿಗೆ ಕೊಡುವವರು ಯಾರು? ಸರ್ಕಾರವೇ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಬೇಸಾಯಗಾರನಲ್ಲದವನೂ ಬೇಸಾಯದ ಭೂಮಿ ಕೊಳ್ಳಬಹುದು ಎಂದವರು ಯಾರು? ಅವರೇ. ಭೂಮಿಯ ವಿಷಯದಲ್ಲಿ, ನೀರಿನ ವಿಷಯದಲ್ಲಿ, ತೆರಿಗೆಯ ವಿಷಯದಲ್ಲಿ ಸರ್ಕಾರ ಒಂದು ಹೆಜ್ಜೆಯೂ ಹಿಂದೆ ಸರಿದಿಲ್ಲ. ಅದು ಸರಿದದ್ದು ಕಾರ್ಖಾನೆಯ ಮಾಲೀಕತ್ವದಿಂದ. ಮೀಸಲಾತಿ ಇದ್ದದ್ದು ಅಲ್ಲಿಯೇ. ಸಾರ್ವಜನಿಕ ಉದ್ದಿಮೆಯ ನೌಕರಿ, ಬ್ಯಾಂಕಿನ ಗುಮಾಸ್ತಿಕೆ, ರೈಲ್ವೆ ವರ್ಕ್‌ಶಾಪಿನ ಕೆಲಸ, ಇವುಗಳಿಂದ ನಮ್ಮಲ್ಲಿ ಮೊದಲ ತಲೆಮಾರಿನ ಓದಿದವರು ಎದ್ದು ಬಂದರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಅಧ್ಯಾಪಕರಾಗಿದ್ದದ್ದು ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಎನ್ನುವುದನ್ನು ನೆನೆಯಬಹುದು. ನಮಗೆ ಪಾಲಿದ್ದ ಕಡೆಯಿಂದ ಸರ್ಕಾರ ಎದ್ದು ಹೋಯಿತು, ನಮಗೆ ಪಾಲಿಲ್ಲದ ಕಡೆ ಗಟ್ಟಿಯಾಗಿ ಕೂತಿತು. ಉದಾರೀಕರಣವನ್ನು ದಲಿತ ವಿಮರ್ಶೆ ಹೀಗೆ ಓದಬೇಕೆಂದು ನನ್ನ ಅಭಿಪ್ರಾಯ.

ಉದ್ದಿಮೆಯ ಮಾತು ಸರ್ಕಾರದ ಕಿವಿಗೆ ಎಷ್ಟು ಬೇಗ ಬೀಳುತ್ತದೆ ಎನ್ನುವುದಕ್ಕೆ 2024ರ ಜುಲೈ ಒಂದು ಪಾಠ. ಖಾಸಗಿ ಉದ್ದಿಮೆಗಳ ಆಡಳಿತದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ದಿಮೆದಾರರು ಆಕ್ಷೇಪವೆತ್ತಿದರು. ಎರಡೇ ದಿನಕ್ಕೆ ಮಸೂದೆ ತಡೆಹಿಡಿಯಲ್ಪಟ್ಟಿತು. ಅದು ದಲಿತರ ಮಸೂದೆಯೂ ಆಗಿರಲಿಲ್ಲ, ಎಲ್ಲ ಕನ್ನಡಿಗರದ್ದು. ಆಗಲೂ ಕೇಳಿಬಂದದ್ದು ಅದೇ 1918ರ ಮಾತು: ದಕ್ಷತೆ, ಪ್ರತಿಭೆ.

6

ಹಾಗಾದರೆ ನಾವೇ ವ್ಯಾಪಾರಿಗಳಾಗೋಣ ಎನ್ನುವವರು ನಮ್ಮಲ್ಲಿದ್ದಾರೆ. 2005ರಲ್ಲಿ ಪುಣೆಯ ಮಿಲಿಂದ ಕಾಂಬಳೆಯವರು ದಲಿತ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ ಕಟ್ಟಿದರು. 'ಕೆಲಸ ಬೇಡುವವರಲ್ಲ, ಕೊಡುವವರಾಗೋಣ' ಎಂಬ ಧೋರಣೆ. ಇದನ್ನು ಗೇಲಿ ಮಾಡುವುದು ನಮ್ಮ ಸಭೆಗಳಲ್ಲಿ ಸುಲಭ. ಬಂಡವಾಳಶಾಹಿಯ ಬಾಲ ಅಂದರೆ ಚಪ್ಪಾಳೆ ಬೀಳುತ್ತದೆ. ಗೇಲಿ ಮಾಡುವ ಮೊದಲು ಜೋತಿಬಾ ಫುಲೆ ಕಂಟ್ರಾಕ್ಟರಾಗಿದ್ದರು ಎನ್ನುವುದನ್ನು ನೆನೆಯೋಣ. ಸರ್ಕಾರದ ಕಾಮಗಾರಿಗಳ ಗುತ್ತಿಗೆ ಹಿಡಿದ ಕೈಯೇ ಶಾಲೆಗಳನ್ನು ಕಟ್ಟಿತು. ಅಂಬೇಡ್ಕರ್ ಕೂಡ ಅಮೆರಿಕದಿಂದ ಬಂದ ಮೇಲೆ ಬೊಂಬಾಯಿಯಲ್ಲಿ ಹಣ ಹೂಡುವವರಿಗೆ ಸಲಹೆ ಕೊಡುವ ವ್ಯವಹಾರ ಶುರುಮಾಡಿದ್ದರು. ಅವರು ಅಸ್ಪೃಶ್ಯರೆಂದು ತಿಳಿದ ಮೇಲೆ ಗಿರಾಕಿಗಳು ನಿಂತುಹೋದರು. ನಮ್ಮೂರ ಪೆಟ್ಟಿಗೆ ಅಂಗಡಿಗೂ ಬೊಂಬಾಯಿಯ ಆ ಕಚೇರಿಗೂ ಆದದ್ದು ಒಂದೇ. ರೂಪಾಯಿಯ ಸಮಸ್ಯೆಯ ಮೇಲೆ 1923ರಲ್ಲಿ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞನ ಸಲಹೆ ಕೂಡ ಬಿಡಿ ಸಾಮಾನೇ ಆಯಿತು.

ಅಂಬೇಡ್ಕರ್ ಇದರಿಂದ ಕಲಿತದ್ದೇನು? 1947ರಲ್ಲಿ ಸಂವಿಧಾನ ಸಭೆಗೆಂದು ಬರೆದ 'ಪ್ರಭುತ್ವ ಮತ್ತು ಅಲ್ಪಸಂಖ್ಯಾತರು' ಎಂಬ ಮನವಿಯಲ್ಲಿ ಅವರು ಮುಖ್ಯ ಕೈಗಾರಿಕೆಗಳು, ವಿಮೆ, ಬೇಸಾಯ ಇವು ಪ್ರಭುತ್ವದ ಕೈಯಲ್ಲಿರಬೇಕು ಎಂದರು. ಅದನ್ನು ಆಳುವ ಪಕ್ಷದ ಮರ್ಜಿಗೆ ಬಿಡಬಾರದು, ಸಂವಿಧಾನದಲ್ಲೇ ಬರೆಯಬೇಕು ಎಂದೂ ಸೇರಿಸಿದರು. ಇದು ಮುಖ್ಯ. ಅವರಿಗೆ ವ್ಯಾಪಾರದ ಮೇಲೆ ಕುರುಡು ನಂಬಿಕೆಯಿರಲಿಲ್ಲ, ಸರ್ಕಾರದ ಮೇಲೂ ಇರಲಿಲ್ಲ. ಸರ್ಕಾರ ದಲಿತನನ್ನು ಮರೆಯುತ್ತದೆ ಎಂದು ಗೊತ್ತಿದ್ದುದರಿಂದಲೇ ಅದನ್ನು ಬರಹಕ್ಕೆ ಕಟ್ಟಿಹಾಕಲು ನೋಡಿದರು. ಆ ಭಾಗ ಸಂವಿಧಾನಕ್ಕೆ ಬರಲಿಲ್ಲ. 'ಸರ್ಕಾರವೋ, ಮಾರುಕಟ್ಟೆಯೋ' ಎಂಬ ನಮ್ಮ ಜಗಳ ಆ ಕಾರಣಕ್ಕೇ ಹುಸಿ. ಮೈಸೂರಿನ ನೂರು ವರ್ಷ ತೋರಿಸುವುದೇನೆಂದರೆ ಅವೆರಡೂ ಒಂದೇ ಮನೆಯ ಜಗಲಿ ಮತ್ತು ಹಿತ್ತಿಲು. ಆ ಮನೆಯ ಪತ್ರದಲ್ಲಿ ಯಾರ ಹೆಸರಿದೆ ಎಂಬುದು ನಮ್ಮ ಪ್ರಶ್ನೆಯಾಗಬೇಕು.

7

ಪತ್ರ ಓದುವುದು ಎಂದರೆ ಏನು ಎಂಬುದಕ್ಕೆ ಒಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಪ್ರಶ್ನೆ ಕೇಳಿದ ಆ ಹುಡುಗಿಯ ಅಪ್ಪ ಇದೇ ನಗರದಲ್ಲಿ ಚಿಕ್ಕ ಕಂಟ್ರಾಕ್ಟರು. ಮುಂದಿನ ವಾರ ಅವಳು ಅವರ ಟೆಂಡರ್ ಕಾಗದಗಳನ್ನೇ ತಂದಳು. ಪಠ್ಯವನ್ನು ಬದಿಗಿಟ್ಟು ಒಂದು ಗಂಟೆ ಅದನ್ನು ಓದಿದೆವು.

ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲು ಎಂಬ ತಿದ್ದುಪಡಿ 2017ರಲ್ಲಿ ಜಾರಿಗೆ ಬಂತು. ಆಗ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗೆ ಮಾತ್ರ. 2023ರಲ್ಲಿ ಮಿತಿಯನ್ನು 1 ಕೋಟಿಗೆ ಏರಿಸಿದರು. ದೇಶದಲ್ಲಿ ಹೆಚ್ಚು ಕಡೆ ಇಲ್ಲದ ಕಾನೂನು, ಹೋರಾಟದಿಂದ ಬಂದದ್ದು, ಅದರ ಮಹತ್ವವನ್ನು ತಗ್ಗಿಸಬಾರದು. ಈಗ ಕಾಗದ ಓದಿ. ಮೊದಲ ಪುಟದಲ್ಲಿ ಮೀಸಲಾತಿಯಿದೆ. ಒಳಗೆ ಹೋದರೆ ಠೇವಣಿ, ಹಿಂದೆ ಇಂಥದೇ ಕೆಲಸ ಮಾಡಿದ ಅನುಭವದ ಪತ್ರ, ವಾರ್ಷಿಕ ವಹಿವಾಟಿನ ಲೆಕ್ಕ. ಮೊದಲ ಸಲ ಬಂದವನಿಗೆ ಹಿಂದಿನ ಅನುಭವ ಎಲ್ಲಿಂದ ಬರಬೇಕು ಅಂತ ಒಬ್ಬ ಹುಡುಗ ಕೇಳಿದ. ಚಿಕ್ಕ ಚಿಕ್ಕ ಕೆಲಸಗಳನ್ನು ಸೇರಿಸಿ ಒಂದೇ ಪ್ಯಾಕೇಜು ಮಾಡಿದರೆ ಮೊತ್ತ ಮಿತಿ ದಾಟುತ್ತದೆ, ಮಿತಿ ದಾಟಿದರೆ ಮೀಸಲಾತಿಯಿಲ್ಲ. ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಸಿಮೆಂಟು, ಜಲ್ಲಿ, ಕೂಲಿ ಎಲ್ಲಕ್ಕೂ ಮೊದಲು ಕೈಯಿಂದ ಹಾಕಬೇಕು, ಬಿಲ್ಲು ಆಮೇಲೆ, ಯಾವಾಗಲೋ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಆರೋಪಿಸಿದ 'ನಲವತ್ತು ಪರ್ಸೆಂಟ್' ನಿಮಗೆ ನೆನಪಿರಬಹುದು. ಅಂಥ ಆರೋಪ ಮಾಡುವಷ್ಟು ಗಟ್ಟಿ ದನಿ ದೊಡ್ಡವರಿಗಿದೆ. ಬಿಲ್ಲಿಗೆ ಕಾಯುವ ತ್ರಾಣವಿಲ್ಲದ ಚಿಕ್ಕವನು ತನ್ನ ಲೈಸೆನ್ಸನ್ನು ಇನ್ನೊಬ್ಬನಿಗೆ ಕೊಟ್ಟು, ಶೇಕಡಾ ಇಷ್ಟು ಅಂತ ತೆಗೆದುಕೊಂಡು ಮನೆಗೆ ಬರುತ್ತಾನೆ. ಕಾಗದದಲ್ಲಿ ದಲಿತ ಕಂಟ್ರಾಕ್ಟರು, ಕೆಲಸದ ಜಾಗದಲ್ಲಿ ಹಳೆಯ ಸಾಹುಕಾರ. "ನಮ್ಮಪ್ಪನೂ ಒಂದ್ಸಲ ಹಾಗೇ ಕೊಟ್ಟಿದ್ರು ಮೇಡಂ, ಅಕ್ಕನ ಮದುವೆಗೆ" ಅಂದಳು ಹುಡುಗಿ. ತರಗತಿಯಲ್ಲಿ ಯಾರೂ ನಗಲಿಲ್ಲ.

ಇದನ್ನು ಭ್ರಷ್ಟಾಚಾರ ಅಂತ ಕರೆದು ಮುಗಿಸಬಾರದು. ನಮ್ಮವನೇ ಸರಿಯಿಲ್ಲ ಅಂತ ಬಯ್ದೂ ಮುಗಿಸಬಾರದು. ಮೊದಲ ಪುಟದಲ್ಲಿ ಕೊಟ್ಟದ್ದನ್ನು ಏಳನೆಯ ಪುಟದಲ್ಲಿ ಹಿಂತೆಗೆದುಕೊಳ್ಳುವ ಬರವಣಿಗೆಯೊಂದು ಇಲ್ಲಿದೆ. ಅದನ್ನು ಸಾಲು ಸಾಲಾಗಿ ತೋರಿಸುವುದು ವಿಮರ್ಶಕರ ಕೆಲಸ. ಎಂಥ ಬದಲಾವಣೆ ಕೇಳಬೇಕು ಎಂಬುದೂ ಆ ಓದಿನಿಂದಲೇ ಹೊರಡುತ್ತದೆ: ಮೊದಲ ಕಾಮಗಾರಿಗೆ ಅನುಭವದ ಷರತ್ತು ಬೇಡ, ಚಿಕ್ಕ ಗುತ್ತಿಗೆದಾರನ ಬಿಲ್ಲು ಇಂತಿಷ್ಟು ದಿನದೊಳಗೆ ಆಗಲಿ, ಮುಂಗಡ ಸಿಗಲಿ, ಪ್ಯಾಕೇಜು ಮಾಡಿದರೆ ಕಾರಣ ಬರೆಯಲಿ. ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಇವೂ ಇರಲಿ. ಇವನ್ನು ಬರೆದುಕೊಡುವಷ್ಟು ಕಾಗದ ಓದಿದವರು ನಮ್ಮ ಸಾಹಿತ್ಯ ವಿಭಾಗಗಳಲ್ಲಿ ಇದ್ದೇವೆ. ಓದುವ ಕಸುಬು ಕಲಿತವರು ನಾವೇ ತಾನೆ?

ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಆ ಪೆಟ್ಟಿಗೆ ಈಗ ಮನೆಯ ಹಿಂದೆ ಕೋಳಿಗೂಡಾಗಿದೆ. ಅಪ್ಪ ಪೂರಾ ಕೇಳಿ, "ಅವತ್ತು ಆ ಕಾಗ್ದವ ಓದಿ ಯೋಳವ್ರು ಒಬ್ರಿದ್ದಿದ್ರ..." ಅಂತ ಅಂದು ಸುಮ್ಮನಾದರು. ಇವತ್ತು ಓದಿ ಹೇಳುವವರು ಇದ್ದೇವೆ. ಈ ವರ್ಷ 'ಒಡಲಾಳ'ದ ಪಾಠ ಮತ್ತೆ ಬರುತ್ತದೆ. ನವಿಲಿನ ಬಗ್ಗೆ ಹೇಳುವ ಮೊದಲು, ಹುಂಜಕ್ಕೆ ಯಾಕೆ ಪೊಲೀಸು ಬರಲಿಲ್ಲ ಅಂತ ನಾನೇ ಮಕ್ಕಳನ್ನು ಕೇಳುವವಳಿದ್ದೇನೆ.